ನೇಗಿಲು ಕಾಣದ ಹೊಲ

ಹಿಂದೂಪುರ
೨೬-೨-೧೯೫೦

ಚಿ. ಸೌ. ಭ್ರಮರಾಂಬಳಿಗೆ ತೋಟಪ್ಪನ ಆಶೀರ್ವಾದಗಳು.

ಇಲ್ಲಿ ಅವ್ವ ಚೆನ್ನಾಗಿದ್ದಾಳೆ. ನಾನೂ ಇದ್ದೇನೆ. ನೀನು ಮಾವನವರ ಜೊತೆ ಕಲ್ಯಾಣದುರ್ಗಕ್ಕೆ ಹೊರಟಾಗ ಹಿತ್ತಲ ಅವರೆ ಬಳ್ಳಿಯಲ್ಲಿ ಇನ್ನೂ ಹೂವಿತ್ತು. ಈಗ ಬಳ್ಳಿ ಒಣಗಿ, ಅವ್ವ ಅದನ್ನು ಒಲೆಗೆ ಹಾಕಿಯೂ ಆಯಿತು. ನಿನಗೆ ಬರೆಯಬೇಕು ಅಂತ ಕಾಗದ ತೆಗೆಯುವುದು, ಏನು ಬರೆಯಬೇಕೋ ತೋಚದೆ ಮಡಿಸಿಡುವುದು, ಇಷ್ಟು ದಿನ ಇದೇ ಆಯಿತು. ಇವತ್ತು ಬರೆಯಲು ಒಂದು ವಿಷಯ ಸಿಕ್ಕಿದೆ. ಹುಲ್ಲು. ನಗಬೇಡ.

ನಮ್ಮ ಬಯಲಿನ ಸಂಗತಿ ನಿನಗೆ ಗೊತ್ತು. ಶಿವರಾತ್ರಿ ಕಳೆದರೆ ಕ್ರಿಕೆಟ್ ಕ್ಲಬ್ಬಿನವರು ಬ್ಯಾಟು ಚೆಂಡುಗಳನ್ನು ಅಟ್ಟಕ್ಕೆ ಹಾಕುತ್ತಾರೆ. ಗರಿಕೆ ಸುಟ್ಟು ಕೆಂಪು ನೆಲ ಕಾಣುತ್ತದೆ. ಮಳೆ ಬಂದ ಮೇಲೆ ನಾರಿನ ಚಾಪೆ ಹಾಸಿ ಮತ್ತೆ ಆಡುತ್ತಾರೆ. ಈ ಸಲ ಜೂನ್ ತಿಂಗಳಲ್ಲಿ ಬಳ್ಳಾರಿಯ ತಂಡ ಬರುವುದಿದೆ. ನಾನು ಮೀಟಿಂಗಿನಲ್ಲಿ ಎದ್ದು ನಿಂತು, ಅವರನ್ನು ಚಾಪೆಯ ಮೇಲಲ್ಲ, ಹಸಿರು ಹುಲ್ಲಿನ ಮೇಲೆ ಆಡಿಸೋಣ, ಬೇಸಿಗೆಯೆಲ್ಲ ಹುಲ್ಲನ್ನು ಉಳಿಸಿಕೊಡುವುದು ನನ್ನ ಭಾರ ಅಂದುಬಿಟ್ಟೆ. ಎಲ್ಲರೂ ನಕ್ಕರು. ಸೆಕ್ರೆಟರಿ ಜಯಣ್ಣ ಮಾತ್ರ ನಗದೆ, "ಆಯ್ತು ಕಣಪ್ಪ. ನಿಮ್ಮ ಹೊಲ, ನಿಮ್ಮ ಬಾವಿ, ನಿನ್ನ ಬೆನ್ನು. ನಮ್ದೇನ್ ಹೋಯ್ತದೆ?" ಅಂದ.

ನಮ್ಮ ಹೊಲವೇ ಹೌದು, ಆದರೆ ನನಗೆ ತಿಳಿದಂತೆ ಅಪ್ಪ ಅದಕ್ಕೆ ಒಂದು ದಿನವೂ ನೇಗಿಲು ಇಳಿಸಿದವನಲ್ಲ. ಬಾವಿಯ ಮಗ್ಗುಲಿನ ನೆಲ, ರಾಗಿ ಚೆಲ್ಲಿದ್ದರೆ ಕಣಜ ತುಂಬುತ್ತಿತ್ತು. ಅಂಥದ್ದನ್ನು ಚೆಂಡಾಡುವವರಿಗೆ ಬಿಟ್ಟುಕೊಟ್ಟ ಅಂತ ಊರಲ್ಲಿ ಇವತ್ತಿಗೂ ಆಡಿಕೊಳ್ಳುತ್ತಾರೆ. ಅಪ್ಪ ಬದುಕಿದ್ದಾಗ ಅವರ ಜೊತೆ ತಾನೂ ನಗುತ್ತಿದ್ದ. ಕಾರಣ ಹೇಳದೆಯೇ ಹೋದ.

ಈಗ ಬೆಳಿಗ್ಗೆ ಸಾಯಂಕಾಲ ಎತ್ತು ಕಟ್ಟಿ ಕಪಿಲೆ ಹೊಡೆಸಿ, ಬಾವಿ ನೀರನ್ನು ಕಾಲುವೆಯಲ್ಲಿ ಬಯಲಿಗೆ ಬಿಡುತ್ತಿದ್ದೇನೆ. ನಡುವಿನ ಪಿಚ್ಚಿಗೆ ಕೆರೆಯ ಗೋಡು ಮಣ್ಣು ತಂದು ಹಾಸಿ, ಮಧ್ಯಾಹ್ನದ ಬಿಸಿಲಿಗೆ ಬಿರಿಯದಂತೆ ಹಸಿ ಹುಲ್ಲು ಮುಚ್ಚುತ್ತೇನೆ. ರೋಲರು ಎಲ್ಲಿಂದ ತರುವುದು? ನಮ್ಮ ಕಣದ ರೋಣಗಲ್ಲನ್ನೇ ಎತ್ತಿಗೆ ಕಟ್ಟಿದೆ. ಅದರ ಒಂದು ತುದಿ ದಪ್ಪ, ಒಂದು ತುದಿ ಸಣ್ಣ. ಹುಟ್ಟಿದಾಗಿನಿಂದ ಕಣದಲ್ಲಿ ಸುತ್ತು ಹೊಡೆದ ಕಲ್ಲಿಗೆ ನೆಟ್ಟಗೆ ಹೋಗು ಅಂದರೆ ಹೇಗೆ ಹೋದೀತು? ಪಿಚ್ಚಿನ ಮೇಲೆ ಬಿಟ್ಟರೆ ಲೇಪಾಕ್ಷಿಯ ದಿಕ್ಕಿಗೆ ತಿರುಗಿಕೊಳ್ಳುತ್ತದೆ. ಎತ್ತು ನನ್ನ ಮುಖ ನೋಡುತ್ತದೆ, ನಾನು ಎತ್ತಿನ ಮುಖ ನೋಡುತ್ತೇನೆ.

ಸಂಜೆ ನೀರು ಹರಿದ ಮೇಲೆ ನೆಲದಿಂದ ಒಂದು ತಂಪು ಏಳುತ್ತದೆ. ಅದರಲ್ಲಿ ಕೂತಿದ್ದರೆ ಮನೆಗೆ ಹೋಗಬೇಕು ಅನ್ನುವುದೇ ಮರೆತುಹೋಗುತ್ತದೆ.

ಯುಗಾದಿಗೆ ನಿನ್ನನ್ನು ಕರೆತರಲು ಬರಲೇ? ಅವ್ವ ಕೇಳು ಅಂದಳು. ನಾನೂ ಕೇಳುತ್ತಿದ್ದೇನೆ.

ತೋಟಪ್ಪ


ಕಲ್ಯಾಣದುರ್ಗ
೮-೩-೧೯೫೦

ಯಜಮಾನರ ಪಾದಗಳಿಗೆ ಭ್ರಮರಾಂಬಳ ಶರಣು.

ಕಾಗದ ತಲುಪಿತು. ಹುಲ್ಲಿನ ಕ್ಷೇಮ ತಿಳಿಯಿತು. ಎತ್ತಿನ ಕ್ಷೇಮ, ರೋಣಗಲ್ಲಿನ ಕ್ಷೇಮವೂ ತಿಳಿಯಿತು. ನಮ್ಮ ಕೂಸು ಉಜ್ಜಿನಿಯ ಹೆಸರು ಎಲ್ಲಾದರೂ ಮಡಿಕೆಯಲ್ಲಿ ಸಿಕ್ಕಿಕೊಂಡಿದೆಯೇನೋ ಅಂತ ಮತ್ತೆ ಮತ್ತೆ ಹುಡುಕಿದೆ. ಇರಲಿಲ್ಲ.

ಸಂಕ್ರಾಂತಿಗೆ ಮುಂಚಿನ ಜ್ವರದಲ್ಲಿ ನಮ್ಮ ಕೂಸು ಹೋಯಿತು. ಇನ್ನೂ ವರ್ಷ ತುಂಬಿರಲಿಲ್ಲ. ನೀವು ಗಂಡಸರು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹಿತ್ತಲ ಬಾಗಿಲಿಂದ ಹೊರಟಿರಿ. ತಿರುಗಿ ಬಂದು ಸ್ನಾನ ಮಾಡಿದಿರಿ. ಎಲ್ಲಿ ಮಲಗಿಸಿ ಬಂದಿರಿ ಅಂತ ಕೇಳಿದೆ. ಅತ್ತೆ ನನ್ನ ಬಾಯಿ ಮುಚ್ಚಿಸಿದರು. ಹೆತ್ತವಳಿಗೆ ಜಾಗ ಹೇಳಬಾರದು, ಹೇಳಿದರೆ ಅಲ್ಲೇ ಹೋಗಿ ಕೂರುತ್ತಾಳೆ, ಮುಂದೆ ಮನೆಯಲ್ಲಿ ತೊಟ್ಟಿಲು ಕಟ್ಟುವ ಹಾಗಿಲ್ಲ ಅಂದರು. ನೀವು ಗೋಡೆ ನೋಡುತ್ತಾ ನಿಂತಿರಿ.

ನನಗೆ ಬೇರೇನೂ ಬೇಡ. ಅಳಲು ನಿಮ್ಮ ಹೆಗಲೂ ಬೇಡ. ಕೂಸು ಎಲ್ಲಿ ಮಲಗಿದೆ, ಅಷ್ಟು ಬರೆಯಿರಿ. ತಿಳಿದ ದಿನವೇ ಬಸ್ಸು ಹತ್ತುತ್ತೇನೆ. ತಿಳಿಯುವ ತನಕ ಯುಗಾದಿಗೂ ಬರುವುದಿಲ್ಲ, ಯಾವ ಹಬ್ಬಕ್ಕೂ ಬರುವುದಿಲ್ಲ.

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ.

ಭ್ರಮರಾಂಬ


ಹಿಂದೂಪುರ
೧೯-೩-೧೯೫೦, ಯುಗಾದಿ

ಭ್ರಮರಾಂಬ,

ಅವ್ವ ಹೋಳಿಗೆ ಮಾಡಿದ್ದಳು. ನಿನ್ನ ಎಲೆಯನ್ನೂ ಹಾಕಿ, ಆಮೇಲೆ ನೆನಪಾಗಿ ಎತ್ತಿಟ್ಟಳು. 

ನೀನು ಕೇಳಿದ್ದಕ್ಕೆ ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇದೆ. ಆದರೆ ಆ ದಿನ ಹಿತ್ತಲಲ್ಲಿ ಅವ್ವ ನನ್ನ ಕೈಯನ್ನು ನನ್ನ ಎದೆಯ ಲಿಂಗದ ಮೇಲೆ ಇಡಿಸಿ ಮಾತು ತೆಗೆದುಕೊಂಡಳು. ಜಾಗವನ್ನು ನಿನಗೆ ಬಾಯಲ್ಲೂ ಹೇಳಬಾರದು, ಕೈ ತೋರಿಸಲೂ ಬಾರದು, ಬರೆಯಲೂ ಬಾರದು ಅಂತ. ಲಿಂಗ ಮುಟ್ಟಿ ಆಡಿದ ಮಾತನ್ನು ಹೇಗೆ ಮುರಿಯಲಿ? ನಿನ್ನ ಸಂಕಟ ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡ. ನಿನಗಾದರೂ ಕೇಳಲು ಒಂದು ಪ್ರಶ್ನೆ ಇದೆ. ನನಗೆ ಗೊತ್ತಿದೆ, ಬಾಯಿಲ್ಲ. ಅದೂ ಸುಖವಲ್ಲ.

ಅದಕ್ಕೇ ಹುಲ್ಲಿನ ಮಾತು ಬರೆಯುತ್ತೇನೆ. ಬೇಸರವಾದರೆ ಓದದೆ ಇಡು. ಎಷ್ಟು ನೀರುಣಿಸಿದರೂ ಬಯಲಿನ ಗರಿಕೆ ಹಳದಿಗೆ ತಿರುಗುತ್ತಿದೆ. ಹನ್ನೆರಡು ಗಂಟೆಯ ಹೊತ್ತಿಗೆ ಬೌಂಡರಿಯ ಕಡೆ ನೋಡಿದರೆ ನೆಲವೆಲ್ಲ ನೀರಾಗಿ ಅಲ್ಲಾಡುತ್ತದೆ. ಹತ್ತಿರ ಹೋದರೆ ಮಣ್ಣು.

ಒಂದು ಕನಸು ಬಿತ್ತು. ನಮ್ಮ ನಡುಮನೆಯ ತುಂಬ ಗರಿಕೆ ಹಬ್ಬಿದೆ. ತೊಟ್ಟಿಲು ಕಟ್ಟುತ್ತಿದ್ದ ತೊಲೆಯ ಕೆಳಗೆ ಎಲ್ಲಕ್ಕಿಂತ ದಟ್ಟ ಹಸಿರು. ನೀನು ಒದ್ದೆ ಕಾಲಲ್ಲಿ ಬಾಗಿಲಿಗೆ ಬಂದು, ತುಳಿಯಲೋ ಬೇಡವೋ ಅಂತ ಕೇಳಿದೆ. ನಾನು ಹೇಳುವಷ್ಟರಲ್ಲಿ ಎಚ್ಚರವಾಯಿತು. ಏನು ಹೇಳಬೇಕು ಅಂತಿದ್ದೆನೋ ನನಗೇ ತಿಳಿಯದು.

ತೋಟಪ್ಪ


ಕಲ್ಯಾಣದುರ್ಗ
೪-೪-೧೯೫೦

ಯಜಮಾನರಿಗೆ ಶರಣು.

ನಿಮ್ಮ ಮಾತು ನಿಮಗೆ, ನನ್ನ ಮಾತು ನನಗೆ. ಮುರಿಯಿರಿ ಅಂತ ನಾನು ಹೇಳುವುದಿಲ್ಲ. ಬರುತ್ತೇನೆ ಅಂತಲೂ ಹೇಳುವುದಿಲ್ಲ.

ಇಲ್ಲಿ ಮಧ್ಯಾಹ್ನವೆಂದರೆ ಮುಗಿಯುವುದೇ ಇಲ್ಲ. ಜಗಲಿಯ ಮೇಲೆ ಕೂತರೆ ಬೆಟ್ಟದ ಬುಡದಲ್ಲಿ ಬಿಸಿಲುಗುದುರೆ ಓಡುತ್ತದೆ. ಅಮ್ಮ ಒಳಗೆ ರಾಗಿ ಬೀಸುತ್ತಾ ಹಾಡಿಕೊಳ್ಳುತ್ತಾಳೆ. ಬೀಸುವ ಸದ್ದಿಗೆ ಕಣ್ಣು ಎಳೆಯುತ್ತದೆ. ಆಗ ಕೈ ತನ್ನಷ್ಟಕ್ಕೆ ತಾನೇ ಮಡಿಲ ಸೆರಗನ್ನು ಸರಿಮಾಡುತ್ತದೆ, ಯಾರೋ ಮಲಗಿದ್ದಾರೆ ಅನ್ನುವ ಹಾಗೆ. ಎಚ್ಚರವಾದ ಮೇಲೂ ಸ್ವಲ್ಪ ಹೊತ್ತು ಕೈ ತೆಗೆಯುವುದಿಲ್ಲ. ಇದನ್ನು ಅಮ್ಮನಿಗೂ ಹೇಳಿಲ್ಲ.

ನಿಮ್ಮ ಹುಲ್ಲಿನ ಮೇಲೆ ನನಗೆ ಸಿಟ್ಟಿಲ್ಲ. ಅದು ಹಳದಿಯಾಗಿದ್ದರೆ ತಪ್ಪು ನೀರಿನದಲ್ಲ, ನೆಲದಲ್ಲಿ ಸಾರವಿಲ್ಲ. ಒಕ್ಕಲು ಮನೆಯಲ್ಲಿ ಹುಟ್ಟಿ ಇಷ್ಟೂ ತಿಳಿಯದಿದ್ದರೆ ಹೇಗೆ? ಮಂದೆ ಹಾಕಿಸಿ. ಕುರಿ ಹಿಂಡು ಒಂದಷ್ಟು ದಿನ ಬಯಲಲ್ಲಿ ತಂಗಿದರೆ ಹಿಕ್ಕೆ ಬಿದ್ದು ನೆಲ ಬಲವಾಗುತ್ತದೆ. ನಮ್ಮೂರ ಜೋಗಪ್ಪನ ಹಿಂಡು ಮೇವು ಹುಡುಕಿಕೊಂಡು ಪೆನುಕೊಂಡದ ಕಡೆ ಹೊರಟಿದೆ. ನಿಮ್ಮ ಬಯಲಿಗೂ ಹೋಗಿ ಬರಲು ಅಪ್ಪನ ಕೈಲಿ ಹೇಳಿಸಿದ್ದೇನೆ.

ಹುಲ್ಲಿಗಾಗಿ ಹೇಳಿದ್ದು. ಬೇರೆ ಏನೂ ಅಂದುಕೊಳ್ಳಬೇಡಿ.

ಭ್ರಮರಾಂಬ


ಹಿಂದೂಪುರ
೨೪-೪-೧೯೫೦

ಭ್ರಮರಾಂಬ,

ನಿನ್ನ ಕುರಿಗಳು ಬಂದವು. ರೈಲ್ವೆ ಗೇಟಿನ ಕಡೆಯಿಂದ ಧೂಳೆದ್ದಾಗ ಗಾಳಿಯೆಂದುಕೊಂಡೆ. ಧೂಳಿನೊಳಗಿಂದ ಜೋಗಪ್ಪನ ಕಂಬಳಿ, ಕೋಲು, ಆಮೇಲೆ ಕೊನೆಯಿಲ್ಲದಷ್ಟು ಕುರಿ. ಬಂದವೇ ಪಿಚ್ಚಿನ ಮೇಲೆ ಹರಡಿಕೊಂಡು, ಮುಚ್ಚಿದ್ದ ಹಸಿ ಹುಲ್ಲನ್ನು ತಿಂದು ಮುಗಿಸಿದವು. ಜಯಣ್ಣ ಸೈಕಲ್ಲಿನಲ್ಲಿ ಬಂದು, ಇಳಿಯುವುದನ್ನೂ ಮರೆತು, ತೆಲುಗಿನಲ್ಲಿ, "ಏಮಯ್ಯಾ ತೋಟಪ್ಪಾ, ಇದಿ ಕ್ರಿಕೆಟ್ ಗ್ರೌಂಡಾ, ಗೊರ್ರೆಲ ದೊಡ್ಡಾ?" ಅಂದ. ಸದ್ಯಕ್ಕೆ ಕುರಿ ದೊಡ್ಡಿಯೇ ಅಂದೆ. ಕಲ್ಯಾಣದುರ್ಗದಿಂದ ನಿನ್ನ ಅಪ್ಪಣೆಯಾಗಿದೆ ಅಂದಾಗ ಸೈಕಲ್ಲು ತಿರುಗಿಸಿದ. ನಿನ್ನ ಹೆಸರಿಗೆ ಇಲ್ಲಿ ಇನ್ನೂ ಬೆಲೆ ಇದೆ.

ದಿನಕ್ಕೊಂದು ಭಾಗದಂತೆ, ಒಂದು ಮೂಲೆಯನ್ನು ಬಿಟ್ಟು ಬಯಲೆಲ್ಲ ಮಂದೆ ಕೂರಿಸಿದೆವು. ಬಾವಿಯಾಚೆ ಕರಿಜಾಲಿ ಸಾಲಿದೆಯಲ್ಲ, ಈಗ ಅದರ ತುಂಬ ಒಣ ಕಾಯಿ. ಜೋಗಪ್ಪ ದೋಟಿ ಹಿಡಿದು ಉದುರಿಸುತ್ತಾನೆ. ಜಾಲಿಕಾಯಿ ಅಂದರೆ ಕುರಿಗೆ ಹೋಳಿಗೆ. ಸಂಜೆ ಹಿಂಡು ಮಲಗಿ ಮೆಲುಕು ಹಾಕುವಾಗ ಬಯಲೆಲ್ಲ ಸಣ್ಣಗೆ ನುರಿಯುವ ಸದ್ದು. ನಾನು ನಡ ಚಾಚಿ ಮಲಗಿ ಅದನ್ನೇ ಕೇಳುತ್ತೇನೆ. ಆಕಾಶ ಕೆಂಪಾಗಿ, ಬೂದಿಯಾಗಿ, ಕುರಿಗಳ ಬೆನ್ನು ಯಾವುದು, ಮಬ್ಬು ಯಾವುದು ತಿಳಿಯದ ಹಾಗಾಗುತ್ತದೆ. ಆ ಹೊತ್ತಿನಲ್ಲಿ ಯಾರೂ ಎಲ್ಲೂ ಹೋಗಿಲ್ಲ ಅನ್ನಿಸುತ್ತದೆ. ನೀನು ನೀರಿಗೆ ಹೋಗಿದ್ದೀಯ, ಇನ್ನೇನು ಬರುತ್ತೀಯ.

ಅವ್ವ ಬಯಲಿಗೆ ಕಾಲಿಡುವವಳಲ್ಲ, ನಿನಗೆ ಗೊತ್ತಲ್ಲ. ನನಗೆ ಬುತ್ತಿ ತಂದರೂ ಬದುವಿನ ಮೇಲೆಯೇ ನಿಂತು ಕೂಗುತ್ತಾಳೆ. ಮೊನ್ನೆ ಹಾಗೆ ನಿಂತು ಕುರಿಗಳನ್ನು ಬಹಳ ಹೊತ್ತು ನೋಡಿದಳು. "ಅವಳೇನಾದ್ರೂ ಬರ್ದಿದ್ದಾಳೇನಲಾ?" ಅಂದಳು. ಬರೆದಿದ್ದಾಳೆ ಅಂದೆ. "ಬತ್ತಾಳಂತಾ?" ಅಂದಳು. ಗೊತ್ತಿಲ್ಲ ಅಂದೆ.

ತೋಟಪ್ಪ


ಕಲ್ಯಾಣದುರ್ಗ
೭-೫-೧೯೫೦

ಯಜಮಾನರಿಗೆ ಶರಣು.

ಜೋಗಪ್ಪ ಹಿಂಡನ್ನು ತಮ್ಮನ ವಶಕ್ಕೆ ಬಿಟ್ಟು ಮೊನ್ನೆ ಊರಿಗೆ ಬಂದ. ನಮ್ಮ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತಾ ಅಪ್ಪನ ಹತ್ತಿರ ನಿಮ್ಮ ಮಾತು ತೆಗೆದ. ನಾನು ಬಾಗಿಲ ಹಿಂದೆ ನಿಂತಿದ್ದೆ.

"ನಿಮ್ಮ ಅಳಿಯಂದ್ರು ಒಳ್ಳೇರು ಕಣಪ್ಪ, ಮಾತು ಮಾತ್ರ ಕಮ್ಮಿ. ಹೊತ್ತು ಮುಳುಗಿದ್ರೆ ನನ್ ತಾವ ಬಂದು ಕುಂತ್ಕಂತಿದ್ರು. ಕುಂತ್ಕಂಡು ನಮ್ಮ ಉಜ್ಜಿನಿ ಹಿಂಗ್ ನಗ್ತಾಳೆ, ನಮ್ಮ ಉಜ್ಜಿನಿ ಹಂಗ್ ಅಂಬೆಗಾಲಿಕ್ತಾಳೆ ಅಂತಿದ್ರು. ಒಂದಿನ ನಾನು, ಕೂಸು ಎಲ್ಲೈತೆ ಸಾಮಿ, ತೋರ್ಸಿ ಅಂದ್ಬುಟ್ಟೆ. ಸುಮ್ಕಾಗ್ಬುಟ್ರು. ಹಿಂಡಿನ್ ಹಿಂದೆ ತಿರುಗೋನು, ನಂಗೇನ್ ತಿಳೀತದೆ? ಕೂಸು ಬದುಕೈತೆ ಅಂದ್ಕಂಡಿದ್ದೆ."

ಅಪ್ಪ ಚೊಂಬನ್ನು ಅವನ ಕಡೆ ಸರಿಸಿದರು. ನಾನು ಒಳಗೆ ಹೋಗಿ, ಬೀಸುವ ಕಲ್ಲಿನ ಮುಂದೆ ಕೂತು, ರಾಗಿಯಿಲ್ಲದ ಕಲ್ಲನ್ನೇ ತಿರುಗಿಸುತ್ತಾ ಅತ್ತೆ. ಸದ್ದಿಗೆ ಯಾರಿಗೂ ತಿಳಿಯಲಿಲ್ಲ.

ನಿಮಗೆ ದುಃಖವೇ ಇಲ್ಲ, ಹುಲ್ಲು ಸಿಕ್ಕಿತು, ಮರೆತುಬಿಟ್ಟಿರಿ ಅಂತ ಇಷ್ಟು ದಿನ ನಿಮ್ಮನ್ನು ಬೈದುಕೊಂಡಿದ್ದೆ. ಇನ್ನು ಬೈಯುವುದಿಲ್ಲ. ಆದರೆ ಕುರಿ ಕಾಯುವವನಿಗೆ ಹೇಳಿದ ಹೆಸರನ್ನು ನನಗೂ ಒಂದು ಸಲ ಬರೆಯಿರಿ. ಹೆಸರು ಬರೆಯಬಾರದು ಅಂತ ಯಾರೂ ಲಿಂಗ ಮುಟ್ಟಿಸಿಲ್ಲವಲ್ಲ.

ಭ್ರಮರಾಂಬ


ಹಿಂದೂಪುರ
೧೭-೫-೧೯೫೦

ಭ್ರಮರಾಂಬ,

ಉಜ್ಜಿನಿ. ನಮ್ಮ ಉಜ್ಜಿನಿ. ನಿಮ್ಮ ಅಪ್ಪ ಉಜ್ಜಿನಪ್ಪನವರ ಹೆಸರಿಟ್ಟ ಉಜ್ಜಿನಿ. ಬರೆದೆ. ನಿಬ್ಬು ಕಾಗದವನ್ನು ತೂತು ಮಾಡಿದೆ, ನೋಡು.

ದಸರೆ ಕಳೆದ ಮೇಲೆ ಒಂದು ಸಂಜೆ ನೀನು ಬಾವಿಯಲ್ಲಿ ನೀರು ಸೇದುತ್ತಿದ್ದೆ, ಅವಳನ್ನು ನನಗೆ ಕೊಟ್ಟಿದ್ದೆ. ನಾನು ಹೊಂಗೆ ಮರದ ನೆರಳಿಗೆ ಕೂರಿಸಿದ್ದೆ. ಎರಡು ಮುಷ್ಟಿಯಲ್ಲೂ ಗರಿಕೆ ಹಿಡಿದುಕೊಂಡು, ಅಂಡು ಮೇಲೆತ್ತಿ, ಹುಲ್ಲನ್ನೇ ಆಸರೆ ಮಾಡಿಕೊಂಡು ಎದ್ದು ನಿಂತಳು. ಹುಲ್ಲು ಕಿತ್ತು ಬಂದು ಕೂತಳು. ಮತ್ತೆ ಹಿಡಿದಳು, ಮತ್ತೆ ನಿಂತಳು. ನಿನ್ನನ್ನು ಕೂಗಿದೆ. ನೀನು ಬರುವಷ್ಟರಲ್ಲಿ ಬಾಯಿಗೆ ಹುಲ್ಲು ತುರುಕಿಕೊಂಡಿದ್ದಳು, ನೀನು ನನ್ನನ್ನೇ ಬೈದೆ. ನಿಂತದ್ದನ್ನು ನೀನು ನೋಡಲಿಲ್ಲ. ನಾಳೆ ನೋಡಿದರಾಯಿತು ಅಂದೆ ನಾನು. ಆಮೇಲೆ ಅವಳು ನಿಂತದ್ದನ್ನು ನೀನು ಎಷ್ಟೋ ಸಲ ನೋಡಿದೆ, ಆದರೆ ಆ ಮೊದಲನೆಯದು ನನ್ನೊಬ್ಬನ ಹತ್ತಿರ ಉಳಿದುಬಿಟ್ಟಿತ್ತು. ಈಗ ನಿನಗೂ ಕೊಟ್ಟೆ.

ನಿನ್ನೆ ಮಳೆ ಬಂತು. ಕೃತ್ತಿಕೆ ಇಷ್ಟು ಜೋರಾಗಿ ಸುರಿದದ್ದನ್ನು ಈಚೆಗೆ ಕಂಡಿರಲಿಲ್ಲ. ನಾನು ಮಾಡಿನ ಕೆಳಗೆ ಓಡದೆ ಬಯಲಲ್ಲೇ ನಿಂತು ನೆನೆದೆ. ಹಳದಿ ಹುಲ್ಲಿನ ಬುಡದಲ್ಲಿ ಹಸಿರು ಕಾಣುತ್ತಿದೆ. ನಿನ್ನ ಕುರಿಗಳು ಕೈ ಹಿಡಿದವು.

ತೋಟಪ್ಪ


ಹಿಂದೂಪುರ
೪-೬-೧೯೫೦

ಭ್ರಮರಾಂಬ,

ನಿನ್ನ ಉತ್ತರ ಬಂದಿಲ್ಲ. ಬರುವ ತನಕ ಕಾಯಲಾರದೆ ಬರೆಯುತ್ತಿದ್ದೇನೆ. ಬಯಲು ಕೆಟ್ಟಿತು.

ಮಳೆಯಾದ ಮೇಲೆ ಹುಲ್ಲಿನ ನಡುವೆ ಎರಡೆರಡು ದಳದ ಮೊಳಕೆಗಳು ಕಂಡವು. ಯಾವುದೋ ಕಳೆ ಅಂದುಕೊಂಡೆ. ಅವು ಬೆಳೆದು, ಗರಿ ಬಿಟ್ಟು, ಗರಿಯ ಬುಡದಲ್ಲಿ ಎಳೆ ಮುಳ್ಳು ತೋರಿದಾಗ ತಿಳಿಯಿತು, ಕರಿಜಾಲಿ. ಒಂದಲ್ಲ, ಹತ್ತಲ್ಲ, ಬಯಲು ತುಂಬ. ಕುರಿ ತಿಂದ ಜಾಲಿಕಾಯಿಯ ಬೀಜವೆಲ್ಲ ಹಿಕ್ಕೆಯಲ್ಲಿ ನೆಲಕ್ಕೆ ಬಿದ್ದು ಮೊಳೆತಿದೆ.

ನಿನಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಹೇಗೆ ಹೊಳೆದೀತು? ನಾವು ಮಂದೆ ಹಾಕಿಸುವುದು ಹೊಲಕ್ಕೆ. ಮಳೆ ಬಿದ್ದ ಕೂಡಲೇ ಉಳುತ್ತೇವೆ, ಮೊಳೆತದ್ದೆಲ್ಲ ನೇಗಿಲಿಗೆ ಸಿಕ್ಕಿ ಮಣ್ಣಾಗುತ್ತದೆ. ಜಾಲಿ ಮೊಳೆತದ್ದನ್ನು ಯಾರೂ ಕಂಡೇ ಇರುವುದಿಲ್ಲ. ಈ ಹೊಲವೊಂದಕ್ಕೆ ನೇಗಿಲಿಲ್ಲ ಅನ್ನುವುದು ಒಕ್ಕಲು ಬುದ್ಧಿಗೆ ಮರೆತೇಹೋಯಿತು. ಜಯಣ್ಣ ಬಂದು ನೋಡಿದ. ಬೈಯುತ್ತಾನೆ ಅಂತ ಕಾದೆ. ಕೂತು ಒಂದು ಗಿಡ ಕಿತ್ತು, ಮುಳ್ಳು ಚುಚ್ಚಿದ ಬೆರಳನ್ನು ಬಾಯಲ್ಲಿಟ್ಟುಕೊಂಡು, "ಬಳ್ಳಾರಿಯೋರ್ಗೆ ಬರೀ ಕಾಲಾಗ್ ಬರ್ಬೇಡಿ ಅಂತ ತಂತಿ ಕೊಡ್ತೀನಿ ಬಿಡಪ್ಪ" ಅಂದ. ಬೈದಿದ್ದರೇ ಚೆನ್ನಾಗಿತ್ತು.

ಈಗ ಬಯಲೆಲ್ಲ ಮುಳ್ಳು. ನಾಲ್ಕು ಹೆಜ್ಜೆ ಇಟ್ಟರೆ ಪಾದಕ್ಕೆ ಚುಚ್ಚುತ್ತದೆ. ಒಂದೇ ಒಂದು ಕಡೆಗೆ ಮಾತ್ರ ನಾನು ಮಂದೆ ಬಿಟ್ಟಿರಲಿಲ್ಲ. ಆ ಮೂಲೆಯಲ್ಲಿ ಕುರಿ ಕಾಲಿಡದಂತೆ ನಾನೇ ಅಡ್ಡ ಮಲಗುತ್ತಿದ್ದೆ. ಹೊಂಗೆ ಮರದ ಕೆಳಗೆ, ಒಂದು ಕಂಬಳಿ ಹಾಸುವಷ್ಟು ಜಾಗ. ಅಲ್ಲಿ ಒಂದೂ ಜಾಲಿ ಮೊಳೆತಿಲ್ಲ. ಗರಿಕೆ ಮೆತ್ತಗೆ ಹಬ್ಬಿಕೊಂಡಿದೆ.

ನಾನು ಹುಲ್ಲಿನ ಸಮಾಚಾರ ಮಾತ್ರ ಬರೆದಿದ್ದೇನೆ. ಇದಕ್ಕಿಂತ ಹೆಚ್ಚು ಬರೆಯಲಾರೆ.

ತೋಟಪ್ಪ


ಕಲ್ಯಾಣದುರ್ಗ
೯-೬-೧೯೫೦

ಬರುತ್ತಿದ್ದೇನೆ. ಪೆನುಕೊಂಡದ ತನಕ ಬಸ್ಸು, ಅಲ್ಲಿಂದ ರೈಲು. ಅಪ್ಪ ಜೊತೆಗೆ ಬಂದು ಸ್ಟೇಷನ್ನಿನಿಂದಲೇ ಹಿಂತಿರುಗುತ್ತಾರೆ.

ನಾನು ಬರುವ ತನಕ ಜಾಲಿ ಕೀಳಬೇಡಿ, ಒಂದನ್ನೂ. ನೀವು ಬಾಯಿ ಬಿಡಬೇಡಿ, ಕೈ ತೋರಿಸಬೇಡಿ. ನನ್ನ ಜೊತೆ ಬಯಲಿಗೂ ಬರಬೇಡಿ. ಕೊಟ್ಟ ಮಾತು ಹಾಗೇ ಇರಲಿ. ನನಗೆ ಕಾಲಿದೆ.

ಅವಳು ಮೊದಲು ನಿಂತದ್ದನ್ನು ದಿನಕ್ಕೆ ಎಷ್ಟು ಸಲ ಓದುತ್ತೇನೋ ಲೆಕ್ಕವಿಲ್ಲ.

ನಿಮ್ಮ ಭ್ರಮರಾಂಬ


ಹಿಂದೂಪುರ
೧೪-೬-೧೯೫೦

ಅಮ್ಮನಿಗೆ ಶರಣು.

ಸುಖವಾಗಿ ಬಂದು ಸೇರಿದೆ. ಇದನ್ನು ನಿನಗೆ ಅಪ್ಪ ಓದಿ ಹೇಳುತ್ತಾರೆ. ನಡುವೆ ಓದುವುದನ್ನು ನಿಲ್ಲಿಸಿದರೆ ಯಾಕೆ ಅಂತ ಕೇಳಬೇಡ, ಸ್ವಲ್ಪ ಹೊತ್ತು ಬಿಟ್ಟು ಓದುತ್ತಾರೆ.

ನಾನು ಬಂದಾಗ ಅತ್ತೆ ಅಕ್ಕಿ ಆರಿಸುತ್ತಿದ್ದರು. ಮೊರ ಕೆಳಗಿಟ್ಟು ನನ್ನ ಗಲ್ಲ ಮುಟ್ಟಿ, ಬಡವಾಗಿದ್ದೀಯ ಅಂದರು. ನಿನ್ನ ಅಳಿಯ ಬಾವಿಯ ಹತ್ತಿರ ಎತ್ತು ತೊಳೆಯುತ್ತಿದ್ದವರು ಹಾಗೇ ನಿಂತರು. ನಾನು ಗಂಟನ್ನು ಜಗಲಿಯ ಮೇಲಿಟ್ಟು, ಕಾಲಿನ ಮೆಟ್ಟು ಬಿಟ್ಟು, ಬಯಲಿಗೆ ನಡೆದೆ. 

ಅಮ್ಮ, ಹಿಂದಿನ ದಿನ ಸಣ್ಣಗೆ ಮಳೆಯಾಗಿ ಬಯಲೆಲ್ಲ ಹೊಳೆಯುತ್ತಿತ್ತು. ದೂರಕ್ಕೆ ಎಲ್ಲವೂ ಒಂದೇ ಹಸಿರು, ಹುಲ್ಲು ಯಾವುದು ಜಾಲಿ ಯಾವುದು ಗೊತ್ತಾಗುವುದಿಲ್ಲ. ಕಾಲಿಗೆ ಗೊತ್ತಾಗುತ್ತದೆ. ಹೆಜ್ಜೆ ಹೆಜ್ಜೆಗೂ ಚುಚ್ಚಿತು. ಹೊಂಗೆ ಮರ ಕಾಣುತ್ತಿತ್ತು, ಆದರೆ ನಾನು ಮರ ನೋಡಿಕೊಂಡು ನಡೆಯಲಿಲ್ಲ, ಕಣ್ಣು ಮುಚ್ಚಿಕೊಂಡು ನಡೆದೆ. ಮಲಗಿದ ಕೂಸನ್ನು ಕತ್ತಲಲ್ಲಿ ತಡವಿ ಹುಡುಕುತ್ತೇವಲ್ಲ, ಹಾಗೆ. ಒಂದು ಕಡೆ ಚುಚ್ಚುವುದು ನಿಂತಿತು. ಪಾದದ ಕೆಳಗೆ ತಣ್ಣಗೆ, ಮೆತ್ತಗೆ ಇತ್ತು. ಇಲ್ಲೇ ಅಂತ ತಿಳಿದು ಕೂತುಬಿಟ್ಟೆ. ಹುಲ್ಲಿನ ಮೇಲೆ ಕೈಯಿಟ್ಟು ಉಜ್ಜಿನೀ ಅಂತ ಕರೆದೆ. ಅವಳು ಹೋದಾಗಿನಿಂದ ಜೋರಾಗಿ ಕರೆದದ್ದು ಅದೇ ಮೊದಲು. ಹೊಟ್ಟೆ ತುಂಬ ಅತ್ತೆ. ಈಗ ಎದೆ ಹಗುರಾಗಿದೆ, ನೀನು ಅಳಬೇಡ.

ಅತ್ತೆ ಬಂದದ್ದು ನನಗೆ ತಿಳಿಯಲಿಲ್ಲ. ಬಯಲಿಗೆ ಎಂದೂ ಕಾಲಿಡದವರು ನನ್ನ ಹಿಂದೆಯೇ ಮುಳ್ಳು ತುಳಿದುಕೊಂಡು ಬಂದಿದ್ದರು. "ಯಾರೇ ಹೇಳಿದ್ದು? ಅವನು ಹೇಳ್ಬುಟ್ನಾ?" ಅಂದರು.

"ಅವ್ರು ಹೇಳ್ಲಿಲ್ಲ ಅತ್ತೆ. ಕಾಲಿಗೆ ಚುಚ್ಚೋದು ಇಲ್ಲಿಗೆ ನಿಂತೋಯ್ತು, ನಾನೂ ನಿಂತ್ಕಂಡೆ" ಅಂದೆ.

ಬೈಯುತ್ತಾರೆ ಅಂದುಕೊಂಡೆ. ಅವರು ನನ್ನ ಪಕ್ಕದಲ್ಲಿ ಕೂತು ಹುಲ್ಲನ್ನು ನೋಡುತ್ತಾ, "ನಂಗೂ ಹೇಳಿರ್ಲಿಲ್ಲ ಕಣಮ್ಮ" ಅಂದರು. "ತೋಟನಿಗಿಂತ ಮುಂಚೆ ಒಂದು ಗಂಡು ಕೂಸು ಇತ್ತು. ನಿಮ್ಮಾವ ಎತ್ಕಂಡ್ ಹೋಗಿ ಎಲ್ಲೋ ಮಣ್ಣು ಮಾಡಿ ಬಂದ್ರು. ಹೇಳ್ಬಾರ್ದು ಅಂತ ನಮ್ಮತ್ತೆ ಅವರ್ ತಾವ ಮಾತು ತಗಂಡಿದ್ರು. ಮುಂದಿನ್ ಮಳೆಗೆ ಎಲ್ರೂ ಉಳಾಕೆ ಆರು ಕಟ್ಟಿದ್ರು, ನಿಮ್ಮಾವ ಈ ಹೊಲಕ್ಕೆ ಮಾತ್ರ ನೇಗಿಲು ಇಳಿಸ್ಲಿಲ್ಲ. ಆಚೆ ವರ್ಷಾನೂ ಇಳಿಸ್ಲಿಲ್ಲ. ಚೆಂಡಾಡೋರ್ಗೆ ಬಿಟ್ಬುಟ್ರು. ಇದೇ ಹೊಲ ಅಂತ ಆಗ ತಿಳ್ಕಂಡೆ. ಹೊಲದಾಗೆ ಎಲ್ಲಿ ಅಂತ ತಿಳೀಲೇ ಇಲ್ಲ."

ನಾನು, "ಮರ್ತ್ರಾ ಅತ್ತೆ?" ಅಂತ ಕೇಳಿದೆ.

"ಮರೀಲಿ ಅಂತಾನೇ ಹೇಳ್ದೇ ಇರೋದು. ಎಲ್ಲಿ ಮರೀತದಮ್ಮ? ಕಾಲಿಟ್ಟ ಕಡೆಯೆಲ್ಲ ಇಲ್ಲೇ ಏನೋ ಅನ್ಸೋದು. ಅದ್ಕೇ ಕಾಲೇ ಇಡ್ಲಿಲ್ಲ."

ನನಗೆ ಮಾಡಿದ್ದನ್ನು ಅವರು ಗಟ್ಟಿ ಮನಸ್ಸಿನಿಂದ ಮಾಡಿದರು ಅಂತ ಇಷ್ಟು ದಿನ ಅವರನ್ನು ಶಪಿಸಿದ್ದೆ. ಅವರಿಗೆ ಬೇರೆ ದಾರಿ ಯಾರೂ ಕಲಿಸಿರಲಿಲ್ಲ. ಅವರ ಕೈ ಹಿಡಿದುಕೊಂಡೆ. ಕೈ ಒಣಗಿ ಒರಟಾಗಿತ್ತು, ಅಮ್ಮ, ನಿನ್ನ ಕೈಯ ಹಾಗೆಯೇ. "ಎಲ್ಲಿ ಅಂತ ತಿಳೀದಿದ್ರೆ ಎಲ್ಲಾ ಕಡೆನೂ ಜಾಲಿ ಕೀಳಾನ ಬನ್ನಿ ಅತ್ತೆ" ಅಂದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

ನಿನ್ನ ಅಳಿಯ ಕಳೆಗುದ್ದಲಿ ತಂದುಕೊಡಲು ಬಂದರು. ಅತ್ತೆ ಬೇಡ ಅಂದರು, ಕೈಯಲ್ಲೇ ಆಗಬೇಕಂತೆ. ಇವರು ಬದುವಿನ ಹತ್ತಿರ ಕೂತು ತಾವೂ ಕೀಳತೊಡಗಿದರು. ಬಳ್ಳಾರಿಯವರು ಬರುವುದರೊಳಗೆ ಮುಗಿಯುವುದಿಲ್ಲ, ಚಾಪೆಯೇ ಹಾಸುತ್ತಾರಂತೆ. ಹಾಸಲಿ.

ನಾನು ಬೇಗ ಬೇಗ ಕೀಳುತ್ತಾ ಬಹಳ ಮುಂದೆ ಹೋದೆ. ತಿರುಗಿ ನೋಡಿದರೆ ಅತ್ತೆ ಇನ್ನೂ ಹಿಂದೆಯೇ ಇದ್ದರು. ಒಂದು ಗಿಡ ಕೀಳುತ್ತಿದ್ದರು, ಅದಿದ್ದ ಜಾಗಕ್ಕೆ ಅಂಗೈ ಊರಿ ಒಂದು ಗಳಿಗೆ ಹಾಗೇ ಇಡುತ್ತಿದ್ದರು, ಆಮೇಲೆ ಮುಂದಿನದಕ್ಕೆ ಸರಿಯುತ್ತಿದ್ದರು. ಬಯಲು ದೊಡ್ಡದು. ನಾಳೆಯೂ ಹೋಗುತ್ತೇವೆ.

ನಿನ್ನ ಮಗಳು
ಭ್ರಮರಾಂಬ